ವಿಭೂತಿ ಹಚ್ಚಿಕೊಂಡು ಹಡಗು ಹತ್ತಿದ ಪ್ಲಗ್ಗು

ಕೆಲವರಿಗೆ ಊರು ಬಿಟ್ಟು ಹೋದಲ್ಲಿ ದೇವರ ದರ್ಶನವಾಗುತ್ತದೆ, ಕೆಲವರಿಗೆ ಒಳ್ಳೆಯ ಊಟ ಸಿಗುತ್ತದೆ. ನಾನು ಹೋದಲ್ಲಿ ಮಾತ್ರ ನಾಲ್ಕು ಮಂದಿ ನಗುವಂಥದ್ದು ಏನಾದರೊಂದು ನಡೆದೇ ತೀರುತ್ತದೆ. ಅದಕ್ಕಾಗಿ ನಾನು ಪ್ರಯತ್ನವನ್ನೇನೂ ಮಾಡುವುದಿಲ್ಲ. ಅದೇ ನನ್ನನ್ನು ವಿಚಾರಿಸಿಕೊಂಡು ಬರುತ್ತದೆ.

ತಾವರಗೇರಾದಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ. ಹಳ್ಳಿ ಸಾಲಿಯಲ್ಲಿ ಕಲಿತವನು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ. ಆಮೇಲೆಯೇ ಬಾಯಿಗೆ ಚಹಾ. ಹೀಗೆ ನಿಧಾನವಾಗಿ ನಡೆದುಕೊಂಡು ಬಂದವನನ್ನು ಒಂದು ಬೀಜದ ಕಂಪನಿ ಸೀದಾ ಒಯ್ದು ಹಡಗು ಹತ್ತಿಸಿತು. ಚಲೋ ವ್ಯಾಪಾರ ಮಾಡಿದ ಅಂಗಡಿಯವರನ್ನು ಹೆಂಡಂದಿರ ಸಮೇತ ಹೊರದೇಶಕ್ಕೆ ಕರೆದುಕೊಂಡು ಹೋಗುವುದು ಆ ಕಂಪನಿಯ ಪದ್ಧತಿ. ಈ ಸಲ ಸಿಂಗಪುರದಿಂದ ಹಡಗು.

ನಮ್ಮ ಮನೆಯಾಕೆಗೆ ಕಿವಿ ಮಂದ. ಈಚೆಗೆ ಕಿವಿಯಲ್ಲೊಂದು ಮಷೀನು ಇಟ್ಟುಕೊಳ್ಳುತ್ತಾಳೆ. ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು ಮೊಬೈಲಿನಂತೆ ದಿನಾ ಚಾರ್ಜ್ ಮಾಡಬೇಕು. ಮಾಡದಿದ್ದರೆ ಪಕ್ಕದಲ್ಲಿ ಡೊಳ್ಳು ಬಾರಿಸಿದರೂ ಅವಳ ಪಾಲಿಗೆ ಸದ್ದಿಲ್ಲ. ಹಡಗಿನ ಸುದ್ದಿ ಹೇಳಿದಾಗ ಅವಳು ಕೇಳಿದ್ದು ಒಂದೇ.

"ಸಮುದ್ರಾನ ಟಿವಿಯಾಗ ನೋಡೀನ್ರಿ. ಅದರ ಸಪ್ಪಳ ಹೆಂಗಿರ್ತೈತಿ ಅಂತ ಒಮ್ಮಿ ಕೇಳಬೇಕು. ಅಷ್ಟಾದ್ರ ಸಾಕು."

ಮದುವೆಯಾದಾಗಿನಿಂದ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಹಾಗಾಗಿ ಕಂಪನಿಯ ಮ್ಯಾನೇಜರ್ ಫೋನ್ ಮಾಡಿ, "ಹಡಗಿನಲ್ಲಿ ಪ್ಲಗ್ ಹಾಕುವ ತೂತು ಬೇರೆ ಥರ ಇರ್ತಾವ, ಅಡಾಪ್ಟರ್ ತಗೊಂಡು ಬರ್ರಿ" ಎಂದಾಗ ನನಗೆ ವೀಸಾದ ಚಿಂತೆಗಿಂತ ಇದರದೇ ಚಿಂತೆ ಹೆಚ್ಚಾಯಿತು.

ಹಡಗು ಯಾವ ದೇಶದ್ದು?

ಅಡಾಪ್ಟರ್ ತರಲು ಗಂಗಾವತಿಗೆ ಹೋದೆ. ಎಲೆಕ್ಟ್ರಿಕ್ ಅಂಗಡಿಯವರು ಕೇಳಿದರು:

"ಯಾವ ದೇಶಕ್ಕರಿ?"

"ದೇಶಕ್ಕಲ್ಲರಿ, ಹಡಗಿಗೆ."

"ಹಡಗ ಯಾವ ದೇಶದಾಗ ಇರ್ತೈತಿ?"

"ನೀರಾಗ ಇರ್ತೈತ್ರಿ."

ಅವರು ಒಳಗೆ ಹೋಗಿ, ಎಲ್ಲ ದೇಶಗಳ ಪ್ಲಗ್ಗೂ ಹಿಡಿಯುವಂಥ ಒಂದು ಕರಿಯ ಡಬ್ಬಿ ತಂದರು. ಎಲ್ಲ ಕಡೆಯೂ ತೂತು, ಒತ್ತಿದರೆ ಒಳಗಿನಿಂದ ಕಡ್ಡಿಗಳು ಹೊರಗೆ ಬರುತ್ತವೆ. ಹಚ್ಚಿದರೆ ಕೆಂಪು ದೀಪ. "ಇದನ್ನ ತಗೊಂಡು ಚಂದ್ರಲೋಕಕ್ಕೂ ಹೋಗ್ರಿ, ನಡೀತೈತಿ" ಎಂದರು.

ಮನೆಗೆ ತಂದೆ. ನಮ್ಮಲ್ಲಿ ಹೊಸ ಯಂತ್ರ ಯಾವುದು ಬಂದರೂ ಪೂಜೆಯಿಲ್ಲದೆ ಚಾಲೂ ಮಾಡುವುದಿಲ್ಲ. ಟ್ರ್ಯಾಕ್ಟರ್‌ಗೂ ಪೂಜೆ, ಬೋರಿನ ಮೋಟರಿಗೂ ಪೂಜೆ, ಬೆಳೆಗೆ ಎಣ್ಣೆ ಹೊಡೆಯುವ ಪಂಪಿಗೂ ಪೂಜೆ. ಮನೆಯಾಕೆ ವಿಭೂತಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಿನಿಂದ ಅಡಾಪ್ಟರಿಗೆ ದಪ್ಪಗೆ ಎಳೆದಳು. ಮೇಲೆ ಕುಂಕುಮದ ಬೊಟ್ಟು. "ಪರದೇಶಕ್ಕ ಹೊಂಟೈತಿ, ದೃಷ್ಟಿ ಆಗಬಾರದು" ಎಂದು ಇನ್ನೊಂದು ಸಲ ಎಳೆದಳು. ಒಣಗಿದ ಮೇಲೆ ನೋಡಿದರೆ, ಜಗಲಿಯ ಮೇಲೆ ಥೇಟ್ ನಮ್ಮ ದೊಡ್ಡಪ್ಪನೇ ಕುಂತಂತಿತ್ತು. ನಾನು ಅರಿಯದೆ ಕೈಮುಗಿದೆ.

ಯಾರ ಬೂದಿ?

ಹಡಗು ಹತ್ತುವ ಮುಂಚೆ ಪೆಟ್ಟಿಗೆಗಳನ್ನೆಲ್ಲ ಮಷೀನಿನೊಳಗೆ ತೂರಿಸಿ ನೋಡುತ್ತಾರೆ. ನಮ್ಮ ಮುಂದೆ ಸಿದ್ದಾಪುರದ ಗೊಬ್ಬರದ ಅಂಗಡಿಯವರು ನಿಂತಿದ್ದರು. ಕಾಲುವೆ ನೀರಿನ ಸೀಮೆಯವರು, ಭತ್ತದಂತೆಯೇ ಮಾತೂ ಹುಲುಸು. ಅವರ ಪೆಟ್ಟಿಗೆಯಿಂದ ಒಂದು ಉದ್ದನೆಯ ವೈರಿನ ಎಕ್ಸ್‌ಟೆನ್ಷನ್ ಬೋರ್ಡು, ಒಂದು ಕರೆಂಟಿನ ಒಲೆ, ಒಂದು ಸಣ್ಣ ರೈಸ್ ಕುಕ್ಕರು ಹೊರಗೆ ಬಂದವು. ಹಡಗಿನಲ್ಲಿ ಬೆಂಕಿಯ ಭಯ, ಇವು ಯಾವೂ ನಡೆಯುವುದಿಲ್ಲ, ಇಳಿಯುವಾಗ ವಾಪಸ್ ಕೊಡುತ್ತೇವೆ ಎಂದರು ಕಾವಲಿನವರು.

"ಅನ್ನ ಮಾಡಾಕ ಬಿಡಂಗಿಲ್ಲ ಅಂದ್ರ ಇದೆಂಥಾ ಹಡಗಪ್ಪಾ!" ಎಂದು ಸಿದ್ದಾಪುರದವರು ಹಲುಬುತ್ತಿದ್ದಾಗ ನನ್ನ ಪಾಳಿ ಬಂತು.

ಅಡಾಪ್ಟರನ್ನು ಮೂಸಿ ನೋಡಿ ಬಿಟ್ಟರು. ಆದರೆ ನನ್ನ ಪೂಜೆಯ ಚೀಲದ ವಿಭೂತಿ ಗಟ್ಟಿ ಅವರ ಕೈಗೆ ಸಿಕ್ಕಿತು. ಬಿಳಿ ಗಟ್ಟಿ, ಕೆರೆದರೆ ಬಿಳಿ ಪುಡಿ. ಇಬ್ಬರಿದ್ದವರು ನಾಲ್ವರಾದರು. ನಮ್ಮ ಮ್ಯಾನೇಜರ್ ಓಡಿಬಂದು ಇಂಗ್ಲಿಷಿನಲ್ಲಿ, ಇದು ಪವಿತ್ರ ಬೂದಿ ಎಂದು ತಿಳಿಸಿದರು. ಅವರಲ್ಲೊಬ್ಬ ಅಧಿಕಾರಿ ತಟ್ಟನೆ ಟೋಪಿ ತೆಗೆದು, ದನಿ ತಗ್ಗಿಸಿ ಏನೋ ಕೇಳಿದ.

"ಏನಂತ್ರಿ?" ಎಂದೆ.

ಮ್ಯಾನೇಜರ್ ಹೇಳಿದರು: "ತೀರಿಕೊಂಡವರು ನಿಮಗೇನಾಗಬೇಕು ಅಂತ ಕೇಳಾಕತ್ತಾರ."

"ಛೇ ಛೇ, ದಿನಾ ಹಣಿಗೆ ಹಚ್ಚಿಕೊಳ್ಳೋದು ಇದನ್ನ!" ಎಂದು ನಾನು ನನ್ನ ಹಣೆ ತೋರಿಸಿದೆ. ಮ್ಯಾನೇಜರ್ ಅದನ್ನೂ ತಿಳಿಸಿ ಹೇಳಿದರು. ಆ ಮನುಷ್ಯ ನನ್ನ ಹಣೆ ನೋಡಿದ, ಗಟ್ಟಿ ನೋಡಿದ, ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ನೋಡಿದ. ಅವಳು ಜೀವಂತ ಇದ್ದಾಳೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಇಳಿಯುವಾಗ ಕೊಡುತ್ತೇವೆಂದು ಗಟ್ಟಿಯನ್ನು ಕವರಿಗೆ ಹಾಕಿ ತಮ್ಮಲ್ಲೇ ಇಟ್ಟುಕೊಂಡದ್ದು.

ಆಧಾರ್ ಇಲ್ಲದೆ ಏನೂ ನಡೆಯುವುದಿಲ್ಲ

ನಮ್ಮ ಕಡೆಯವರಿಗೆ ಕರೆಂಟು ಎಂದರೆ ಬಂದುಹೋಗುವ ಬೀಗರು. ಇದ್ದಾಗಲೇ ಎಲ್ಲ ಕೆಲಸ ಮುಗಿಸಿಕೊಳ್ಳಬೇಕು. ಹಡಗಿನ ಕೋಣೆಗೆ ಕಾಲಿಟ್ಟವರೇ ಸಿದ್ದಾಪುರದವರು ಮ್ಯಾನೇಜರರನ್ನು ಕೇಳಿದರು: "ಇಲ್ಲಿ ತ್ರೀಫೇಸ್ ಎಷ್ಟೊತ್ತಿಗೆ ಕೊಡ್ತಾರ್ರಿ?"

"ಇಲ್ಲಿ ಯಾವಾಗಲೂ ಇರ್ತೈತ್ರಿ."

ಅವರು ನಂಬಲಿಲ್ಲ. ಅವರ ಅಪನಂಬಿಕೆಗೆ ಪುರಾವೆಯೂ ಸಿಕ್ಕಿತು. ಹೊರಗೆ ಹೋಗಿ ಬಂದರೆ ಕೋಣೆ ಕತ್ತಲೆ, ಚಾರ್ಜಿಗೆ ಇಟ್ಟ ಫೋನು ಸತ್ತಿರುತ್ತಿತ್ತು. ಬಾಗಿಲ ಕೀಲಿಯ ಕಾರ್ಡನ್ನು ಗೋಡೆಯ ಸೀಳಿನಲ್ಲಿ ಇಟ್ಟರೆ ಮಾತ್ರ ಕರೆಂಟು, ಕಿತ್ತುಕೊಂಡು ಹೊರಟರೆ ಬಂದ್. ಇದು ಅವರಿಗೆ ಗೊತ್ತಿರಲಿಲ್ಲ.

"ನೋಡ್ರಿ ಅಣ್ಣಾರ, ನಾವು ಊಟಕ್ಕ ಹೋಗೋದನ್ನ ಕಾಯ್ದು ತೆಗೀತಾರ" ಎಂದು ನನಗೆ ದೂರು ಹೇಳಿದರು. "ನಮ್ಮೂರ ಲೈನ್‌ಮ್ಯಾನ್ ಎಷ್ಟೋ ವಾಸಿ, ಹೇಳಿ ತೆಗೀತಾನ."

ಕೋಣೆ ಗುಡಿಸಲು ಬಂದವನು ಸೀಳನ್ನು ತೋರಿಸಿ, ಯಾವುದಾದರೂ ಒಂದು ಕಾರ್ಡು ಇಡಿರಿ ಎಂದು ಸನ್ನೆ ಮಾಡಿದ. ಸಿದ್ದಾಪುರದವರು ಪಾಕೀಟಿನಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ತುರುಕಿದರು. ಜಗ್ಗನೆ ಬೆಳಕು! ಅಂದಿನಿಂದ ನಮ್ಮ ಮಂದಿಯ ಕೋಣೆಕೋಣೆಗೂ ಹೋಗಿ ಅವರು ಸಾರಿದ್ದು ಇಷ್ಟೇ: "ಆಧಾರ್ ಕಾರ್ಡ್ ಇಟ್ಕೊಳ್ರೆಪಾ. ಸಮುದ್ರದ ನಡುವ ಬಂದ್ರೂ ಆಧಾರ್ ಇಲ್ದ ಕರೆಂಟ್ ಕೊಡಂಗಿಲ್ಲ."

ಟವೆಲ್ಲಿನ ಹಂಸಗಳು

ನನ್ನ ಕಷ್ಟ ಬೇರೆಯೇ ಇತ್ತು. ಹಡಗು ದಂಡೆ ಬಿಡುವಷ್ಟರಲ್ಲಿ ಮನೆಯಾಕೆಯ ಕಿವಿಯ ಮಷೀನು ಚಾರ್ಜ್ ಮುಗಿದು ಸುಮ್ಮನಾಯಿತು. ಸಮುದ್ರ ಕಣ್ಣಿಗೆ ಸಿಕ್ಕಿತು, ಕಿವಿಗೆ ಸಿಗಲಿಲ್ಲ.

ಅಡಾಪ್ಟರ್ ಹಚ್ಚಿದೆ. ಕೆಂಪು ದೀಪ ಹತ್ತಿತು. ಕಿವಿ ಮಷೀನಿನ ಡಬ್ಬಿಯ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದೆ. ಸ್ವಲ್ಪ ಬಿಗಿ ಅನ್ನಿಸಿತು, ಹೊಸದಲ್ಲವೇ ಎಂದುಕೊಂಡೆ. ಡಬ್ಬಿಯ ಹಸಿರು ದೀಪ ಹತ್ತಲಿಲ್ಲ. ಮೇಜಿನ ಬಳಿ ಹಚ್ಚಿದೆ, ಮಂಚದ ಬಳಿ ಹಚ್ಚಿದೆ. ಎಲ್ಲಿಯೂ ಅದೇ. ಸಿದ್ದಾಪುರದವರು ಬಂದು, ಡಬ್ಬಿ ಅಲ್ಲಾಡಿಸಿ, ವೈದ್ಯರಂತೆ ತಲೆಯಾಡಿಸಿದರು.

"ಅಡಾಪ್ಟರ್ ಕೆಂಪಗ ಉರಿಯಾಕತ್ತೈತಿ, ಅದರದು ತಪ್ಪಿಲ್ಲ. ಡಬ್ಬಿ ಹೋಗೈತ್ರಿ ಅಣ್ಣಾರ."

ನನಗೂ ಹಾಗೇ ಅನ್ನಿಸಿತು. ಅಷ್ಟು ವಿಭೂತಿ ಹಚ್ಚಿಕೊಂಡ ವಸ್ತುವಿನ ಮೇಲೆ ಸಂಶಯಪಡಲು ಮನಸ್ಸಾದರೂ ಹೇಗೆ ಬಂದೀತು?

ಮಷೀನಿಲ್ಲದಿದ್ದರೆ ನಾನು ಅವಳೊಂದಿಗೆ ಮಾತಾಡುವುದು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿದಂತೆ. "ಚಾ ಕುಡೀತಿಯೇನೂ?" ಎಂದು ಕೂಗಿದೆ. "ಆಂ?" ಎಂದಳು. "ಚಾ! ಚಾ!" ಎಂದೆ. ಬಾಗಿಲು ಬಡಿಯಿತು. ಕೋಣೆ ನೋಡಿಕೊಳ್ಳುವವನು ಗಾಬರಿಯಾಗಿ ನಿಂತಿದ್ದ. ನನ್ನನ್ನು ಕೋಪದಿಂದ, ಅವಳನ್ನು ಕರುಣೆಯಿಂದ ನೋಡಿದ. ಜಗಳವಲ್ಲಪ್ಪ ಎಂದು ಹೇಗೆ ಹೇಳಲಿ? ನಕ್ಕು ತೋರಿಸಿದೆ. ಅವನಿಗೆ ಇನ್ನಷ್ಟು ಸಂಶಯ ಬಂತು.

ಸಂಜೆ ಕೋಣೆಗೆ ಮರಳಿದರೆ ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಡಿಚಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ನಮ್ಮಿಬ್ಬರ ನಡುವೆ ರಾಜಿ ಮಾಡಿಸಲು ಅವನು ಮಾಡಿದ ಏರ್ಪಾಡು. ಮನೆಯಾಕೆ ಅವನ್ನು ನೋಡಿ ಸೆರಗು ಬಾಯಿಗೊತ್ತಿ ನಕ್ಕಳು.

ಆಮೇಲೆ ಕಿಟಕಿಯ ಬಳಿ ಕೂತು ನೀರು ನೋಡುತ್ತಾ, "ಇರ್ಲಿ ಬಿಡ್ರಿ, ನೋಡಿದ್ನಲ್ಲ, ಸಾಕು" ಎಂದಳು. ಸಾಕು ಅಂದದ್ದು ಬಾಯಿ. ಕಿವಿಯ ಹತ್ತಿರ ಹೋದ ಕೈ ಹಾಗೆ ಅನ್ನಲಿಲ್ಲ. ನಾನು ಕೂಗಿ ಸಮಾಧಾನ ಹೇಳಬಹುದಿತ್ತು. ಆದರೆ ಸಮಾಧಾನವನ್ನು ಕೂಗಿ ಹೇಳಲು ಬರುವುದಿಲ್ಲ ನೋಡಿ. ಸುಮ್ಮನೆ ಪಕ್ಕದಲ್ಲಿ ಕೂತೆ.

ಒಂದು ಚಿಟಿಕೆಗಾಗಿ

ಕಡೆಯ ದಿನದ ಬೆಳಿಗ್ಗೆ. ಮರುದಿನ ಹಡಗು ಇಳಿಯಬೇಕು. ಸ್ನಾನ ಮುಗಿಸಿ ಪೂಜೆಗೆ ಕೂತರೆ ವಿಭೂತಿ ಇಲ್ಲ. ಗಟ್ಟಿ ಕಾವಲಿನವರ ಕೈಯಲ್ಲಿ. ಪಾಕೀಟಿನಲ್ಲಿದ್ದ ಪುಡಿಯ ಪೊಟ್ಟಣ ಹಿಂದಿನ ದಿನವೇ ತೀರಿತ್ತು. ವಿಭೂತಿ ಹಚ್ಚದೆ ಪೂಜೆಯಿಲ್ಲ, ಪೂಜೆಯಾಗದೆ ನಾನು ಹನಿ ನೀರು ಕುಡಿದವನಲ್ಲ.

ಸಿದ್ದಾಪುರದವರ ಬಾಗಿಲಿಗೆ ಹೋದೆ.

"ನನ್ನ ಹತ್ರ ಕುಂಕುಮ ಐತ್ರಿ ಅಣ್ಣಾರ, ವಿಭೂತಿ ಎಲ್ಲಿಂದ ತರ್ಲಿ? ಮಕಕ್ಕ ಹಚ್ಚೋ ಪೌಡರ್ ಐತಿ ನೋಡ್ರಿ, ಬೆಳ್ಳಗ ಐತಿ."

"ಪೌಡರ್ ಹಚ್ಚಿಕೊಂಡು ಪೂಜಿ ಮಾಡ್ಲ್ಯಾ?"

"ದೇವರಿಗೂ ಒಂದಿನ ಘಮಘಮ ಅನ್ನಿಸ್ಲಿ ಬಿಡ್ರಿ."

ತಿರುಗಿ ಬಂದೆ. ಹಸಿವೆಗಿಂತ ಮನಸ್ಸಿಗೆ ಕಸಿವಿಸಿ. ಕೂತಲ್ಲಿಂದಲೇ ಸುತ್ತ ನೋಡಿದೆ. ಮೇಜಿನ ಬಳಿಯ ಗೋಡೆಯಲ್ಲಿ ಅಡಾಪ್ಟರು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ನನಗಿಂತ ದೊಡ್ಡ ಶರಣನಂತೆ ಕೂತಿತ್ತು.

"ಶಿವನೇ, ತಪ್ಪು ತಿಳೀಬ್ಯಾಡ" ಎಂದು ಅದನ್ನು ಗೋಡೆಯಿಂದ ಕಿತ್ತುಕೊಂಡೆ. ಮನೆಯಾಕೆಯ ಹೇರ್‌ಪಿನ್ನಿನಿಂದ ಮೆಲ್ಲಗೆ ಕೆರೆದೆ. ಮೇಲಿನದು ಸಾಲಲಿಲ್ಲ. ತೂತುಗಳೊಳಗೆ ನೋಡಿದರೆ ಅಲ್ಲಿ ಭಂಡಾರವೇ ಇತ್ತು. ತೇಯ್ದ ವಿಭೂತಿ ಇಳಿದು, ಗಾರೆಯಂತೆ ಗಟ್ಟಿಯಾಗಿತ್ತು. ಎಲ್ಲವನ್ನೂ ಬಿಡಿಸಿ ಅಂಗೈಗೆ ಸುರಿದುಕೊಂಡೆ. ಹಣೆಗೆ, ತೋಳಿಗೆ, ಎದೆಗೆ ಆಗಿ ಇನ್ನೂ ಉಳಿಯಿತು. ನೆಮ್ಮದಿಯಿಂದ ಪೂಜೆ ಮುಗಿಸಿದೆ.

ಆಮೇಲೆ ಯಾವ ಆಸೆಯೂ ಇಲ್ಲದೆ, ಬರೀ ರೂಢಿಯಿಂದ ಅಡಾಪ್ಟರನ್ನು ಮತ್ತೆ ಹಚ್ಚಿ ಡಬ್ಬಿಯ ಪ್ಲಗ್ಗು ಸಿಕ್ಕಿಸಿದೆ. ಸಲೀಸಾಗಿ ಒಳಗೆ ಹೋಯಿತು. ಡಬ್ಬಿಯಲ್ಲಿ ಹಸಿರು ದೀಪ!

ಮನೆಯಾಕೆಗೆ ತೋರಿಸಿದೆ. ಅವಳು ದೀಪ ನೋಡಿದಳು, ನನ್ನ ಮೈತುಂಬ ಇದ್ದ ವಿಭೂತಿ ನೋಡಿದಳು, ಕೈಮುಗಿದಳು. "ನೋಡಿದ್ರ್ಯಾ, ನಾ ಮಾಡಿದ ಪೂಜಿ ಫಲ ಕೊಟ್ತು!"

ಆ ಪೂಜೆಯೇ ಕರೆಂಟು ತಡೆದದ್ದು ಎಂದು ಹೇಳಲು ಬಾಯಿ ತೆರೆದೆ. ಮಷೀನು ಇನ್ನೂ ಡಬ್ಬಿಯಲ್ಲೇ ಇತ್ತು, ಅವಳಿಗೆ ಕೇಳುತ್ತಿರಲಿಲ್ಲ. ಅದೂ ದೈವಸಂಕಲ್ಪವೆಂದು ಬಾಯಿ ಮುಚ್ಚಿಕೊಂಡೆ.

ಸಮುದ್ರದ ಪಾಳಿ

ಸಂಜೆ ಮಷೀನು ಕಿವಿಗೇರಿತು. ಹಡಗಿನ ಮೇಲಟ್ಟದಲ್ಲಿ ಹಾಡು ಕುಣಿತದ ಗದ್ದಲ. ನಾವಿಬ್ಬರೂ ಕೆಳಗೆ, ನೀರಿಗೆ ಹತ್ತಿರದ ಅಟ್ಟದ ಕಟಾಂಜನದ ಬಳಿ ಹೋದೆವು. ಸುದ್ದಿ ಸಿದ್ದಾಪುರದವರಿಗೆ ಗೊತ್ತಾಗಿತ್ತು. ಅಂದರೆ ಎಲ್ಲರಿಗೂ ಗೊತ್ತಾಗಿತ್ತು. ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಅಂಗಡಿಯವರೆಲ್ಲ ಹೆಂಡಂದಿರ ಸಮೇತ ಹಿಂದೆಯೇ ಬಂದು ನಿಂತರು.

ಮನೆಯಾಕೆ ಕಣ್ಣು ಮುಚ್ಚಿ ಕಂಬಿ ಹಿಡಿದಳು.

"ಕೇಳಿಸ್ತೈತೇನೂ?" ಎಂದು ನಾನು ಹಳೆಯ ರೂಢಿಯಲ್ಲೇ ಕೂಗಿದೆ.

"ಅಕ್ಕಾರ, ಕೇಳಿಸಾಕತ್ತೈತೇನ್ರಿ?" ಎಂದರು ಸಿದ್ದಾಪುರದವರು.

"ಸೌಂಡ್ ಸ್ವಲ್ಪ ಏರಿಸ್ರಿ!" ಎಂದಿತು ಕೊಪ್ಪಳ.

"ಈ ಕಡಿ ಬರ್ರಿ ಅಕ್ಕಾರ, ಇಲ್ಲಿ ತೆರಿ ಜೋರ ಅದಾವ!" ಎಂದಿತು ಯಲಬುರ್ಗಾ.

"ಏ, ಸುಮ್ಮನಿರ್ರೆಪಾ, ಅವರಿಗೆ ಕೇಳ್ಲಿ!" ಎಂದು ಕುಷ್ಟಗಿ ಎಲ್ಲರಿಗಿಂತ ಜೋರಾಗಿ ಕೂಗಿತು.

ಅವಳು ಕಣ್ಣು ತೆರೆದು ನಮ್ಮ ಕಡೆ ತಿರುಗಿದಳು. "ನಿಮ್ಮೆಲ್ಲರದೂ ಭಾಳ ಚಲೋ ಕೇಳಾಕತ್ತೈತ್ರಿ" ಎಂದಳು.

ಎಲ್ಲರೂ ಗಪ್ಪಾದೆವು. ದಿನವಿಡೀ ಗಲ್ಲಾದ ಹಿಂದೆ ಕೂತು ಗಂಟಲು ಹರಿದುಕೊಳ್ಳುವ ಮಂದಿ, ಯಾರೂ ಕೆಮ್ಮಲಿಲ್ಲ ಕೂಡ. ನೀರು ಹಡಗಿನ ಹೊಟ್ಟೆಗೆ ಬಂದು ಬಡಿಯುತ್ತಿತ್ತು, ಹಿಂದಕ್ಕೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಅವಳ ಕೆನ್ನೆಯ ಮೇಲೆ ನೀರು ಇಳಿಯಿತು. ಅದು ಸಮುದ್ರದ್ದಲ್ಲ. ನನಗೆ ಏನೋ ಹೇಳಬೇಕೆನ್ನಿಸಿತು. ಅವಳು ನೋಡದೆಯೇ ನನ್ನ ಕೈಮೇಲೆ ಕೈಯಿಟ್ಟು, ಬೇಡ ಎಂಬಂತೆ ಮೆಲ್ಲಗೆ ಒತ್ತಿದಳು.

ಊಟಕ್ಕೆ ಕರೆಯಲು ಬಂದ ಮ್ಯಾನೇಜರ್ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಇಷ್ಟು ಮಂದಿ ಅಂಗಡಿಯವರು ಒಟ್ಟಿಗೆ ಸುಮ್ಮನಿದ್ದದ್ದನ್ನು ಅವರು ತಮ್ಮ ನೌಕರಿಯಲ್ಲೇ ನೋಡಿರಲಿಲ್ಲ. ಮುಖ ಬೆಳ್ಳಗಾಗಿ ಓಡಿಬಂದರು.

"ಅಕ್ಕಾರ, ಏನಾತ್ರಿ? ಯಾಕ ಎಲ್ಲಾರೂ ಹಿಂಗ ಬಾಯಿ ಮುಚ್ಚಿಕೊಂಡು ನಿಂತಾರ?"

ಅವಳು ಕಣ್ಣೊರೆಸಿಕೊಂಡು, ಅತ್ಯಂತ ಸಮಾಧಾನದಿಂದ ಹೇಳಿದಳು:

"ಸಮುದ್ರ ಮಾತಾಡಾಕತ್ತೈತ್ರಿ ಸಾಹೇಬ್ರ. ಇವರಿಗೆ ಪಾಳಿನ ಸಿಕ್ಕಿಲ್ಲ."