ಫಕ್ಕೀರೇಶ ಪಂಕ್ತಿ ಬಿಟ್ಟು ಏಳಲಿಲ್ಲ

ನಲವತ್ತೆಂಟಕ್ಕೆ ಮನುಷ್ಯನಿಗೆ ವಯಸ್ಸಾಯಿತು ಎಂದು ಯಾರಾದರೂ ಅಂದರೆ ಅಕ್ಕಿಆಲೂರಿನ ಫಕ್ಕೀರೇಶನಿಗೆ ಮೈಯೆಲ್ಲ ಉರಿಯುತ್ತಿತ್ತು. ಅನ್ನುವವರು ಬೇರೆ ಯಾರೂ ಅಲ್ಲ, ಸ್ವಂತ ಹೆಂಡತಿ ಶೈಲಾ. ನಲವತ್ತೈದು ದಾಟಿದವರ ಫುಟ್‌ಬಾಲ್ ಪಂದ್ಯಾವಳಿಗೆ ಅವನು ಹೆಸರು ಕೊಟ್ಟ ದಿನವೇ ಆಕೆ ಕರಾರು ಹಾಕಿದ್ದಳು.

"ಆಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮರುದಿನ ಸೊಂಟ, ಮೊಣಕಾಲು ಅಂತ ನರಳಿದ್ರಿ ಅಂದ್ರ ಆ ಬೂಟು ಒಲಿಗೆ ಹಾಕ್ತೇನಿ. ಆಟ ಅಲ್ಲಿಗೇ ಬಂದ್."

"ನರಳೂ ಪೈಕಿ ಅಲ್ಲ ನಾ," ಎಂದಿದ್ದ ಫಕ್ಕೀರೇಶ.

ಶನಿವಾರ ಹಾನಗಲ್ಲಿನಲ್ಲಿ ಆಡಿದ. ಆಡಿದ ಎನ್ನುವುದಕ್ಕಿಂತ ಚೆಂಡು ಹೋದಲ್ಲೆಲ್ಲ ತಡವಾಗಿ ತಲುಪಿದ ಎನ್ನಬೇಕು. ಕೊನೆಗೆ ಚೆಂಡೇ ಕನಿಕರಪಟ್ಟು ಬಂದು ಇವನ ಮೊಣಕಾಲಿಗೆ ಬಡಿದು ಗೋಲಾಯಿತು. (ಗುರಿ ಇಟ್ಟೇ ಹೊಡೆದದ್ದು ಎಂಬುದು ಅವನ ವಾದ.) ನಾಯಕ ಹಜರತಅಲಿ ಬಂದು ತಬ್ಬಿಕೊಂಡ.

"ಬರೂ ಶನಿವಾರ ಸವಣೂರಾಗ ಫೈನಲ್. ನೀ ಇಲ್ದ ನಡಿಯೂದಿಲ್ಲ ನೋಡಪಾ."

ರವಿವಾರ ಬೆಳಿಗ್ಗೆ ನೋಡಿದರೆ, ಸೊಂಟದಿಂದ ಕೆಳಗಿನ ಪ್ರಾಂತವೆಲ್ಲ ಅವನ ಆಳ್ವಿಕೆಯಿಂದ ಬೇರೆಯಾಗಿತ್ತು. ಅಂದೇ ಗೊಟಗೋಡಿಯಲ್ಲಿ ಶೈಲಾಳ ಅಕ್ಕನ ಮಗಳು ಬಸುರಿ ವಿದ್ಯಾಶ್ರೀಯ ಕುಬಸ. ಬಸ್ಸಿನಲ್ಲಿ ಸೀಟು ಸಿಕ್ಕರೂ ಫಕ್ಕೀರೇಶ ಅದನ್ನು ಯಾರಿಗೋ ಬಿಟ್ಟುಕೊಟ್ಟು ನಿಂತೇ ಹೋದ. ನಿಂತವನಿಗೆ ಏಳುವ ಕಷ್ಟವಿಲ್ಲ ನೋಡಿ.

ಊಟಕ್ಕೆ ಕರೆದರು. ಮೊಣಕಾಲು ನೋವಿದ್ದವರಿಗೆ ಮೂಲೆಯಲ್ಲಿ ಟೇಬಲ್ಲು, ಕುರ್ಚಿ ಹಾಕಿದ್ದರು. ಶೈಲಾ ಹೆಂಗಸರ ನಡುವಿನಿಂದಲೇ ಇವನನ್ನು ನೋಡುತ್ತಿದ್ದಳು. ಫಕ್ಕೀರೇಶ ಗತ್ತಿನಿಂದ ನಡೆದು ಗಂಡಸರ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಕೂರುವುದು ಸುಲಭ, ಅರ್ಧ ದಾರಿಗೆ ಬಿಟ್ಟರೆ ಉಳಿದದ್ದನ್ನು ಭೂಮಿಯೇ ಎಳೆದುಕೊಳ್ಳುತ್ತದೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು ಎಲ್ಲ ಆಯಿತು. ಎಲ್ಲರೂ ಎದ್ದರು. ಫಕ್ಕೀರೇಶ ಕಾಲಿಗೆ ಹುಕುಂ ಕೊಟ್ಟ. ಕಾಲು ಕೇಳಲಿಲ್ಲ.

"ಇನ್ನೊಂಚೂರು ಹುಗ್ಗಿ ಹಾಕ್ರಿ," ಎಂದ.

ಎರಡನೆಯ ಪಂಕ್ತಿ ಕೂತಿತು. ಅವರ ಜೊತೆಗೂ ಉಂಡ. ಅವರೂ ಎದ್ದು ಹೋದರು. ಕೊನೆಗೆ ಬಳೆ ಸದ್ದು ಮಾಡುತ್ತ ಹೆಣ್ಣುಮಕ್ಕಳು ಬಂದರು. ಶೈಲಾ ಪಕ್ಕದಲ್ಲೇ ಬಂದು ನಿಂತಳು.

"ಏನ್ರಿ ಇದು? ಹೆಣ್ಮಕ್ಕಳ ಪಂಕ್ತಿ."

"ಗೊತ್ತೈತಿ," ಎಂದ ಫಕ್ಕೀರೇಶ. ಗಂಟಲ ಮಟ್ಟ ತುಂಬಿದ್ದ ಹುಗ್ಗಿಯ ನಡುವೆಯೂ ಬುದ್ಧಿ ಓಡಿತು. "ಮದಿವ್ಯಾಗಿ ಇಷ್ಟು ವರ್ಷಾತು, ಒಂದ ದಿನಾನೂ ನಿನ್ನ ಜೋಡಿ ಪಂಕ್ತ್ಯಾಗ ಕುಂತು ಉಂಡಿಲ್ಲ. ಅದಕ್ಕ ದಾರಿ ಕಾಯಾಕತ್ತೇನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೈಲಾಳ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತು ಅವನ ಹುಗ್ಗಿಗೆ ತಾನೇ ತುಪ್ಪ ಬಡಿಸಿದಳು. ಸುಳ್ಳಾದರೂ ಎಂಥ ಒಳ್ಳೆಯ ಮಾತಾಡಿದೆ ಎಂದು ಫಕ್ಕೀರೇಶನಿಗೂ ಹಿತವಾಯಿತು. ಸವಣೂರಿನ ಮೈದಾನ ಕಣ್ಣ ಮುಂದೆ ಹಸಿರಾಗಿ ಹಾಸಿಕೊಂಡಿತು.

ಎದುರು ಕೂತಿದ್ದ ಅತ್ತೆ ಉಡಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಶನಿವಾರ ಯಲವಿಗ್ಯಾಗ ಹಣಮಪ್ಪನ ಗುಡ್ಯಾಗ ನಮ್ಮ ಮನಿ ಪೂಜಿ ಐತ್ರಿ ಅಳಿಯಂದಿರ. ಗಂಡ ಹೆಂಡತಿ ಜೋಡಿಲೆ ಕುಂದರಬೇಕು. ನೀವ ಬರ್ರಿ."

"ಶನಿವಾರ ಇವರದು ಮ್ಯಾಚ್ ಐತಬೇ," ಎಂದಳು ಶೈಲಾ. ಫಕ್ಕೀರೇಶ ತಲೆಯಾಡಿಸುವಷ್ಟರಲ್ಲಿ ಮುಂದುವರಿಸಿದಳು. "ಆದ್ರ ಹೆಂಡತಿ ಮುಂದ ಇವರಿಗೆ ಆಟ ಯಾವ ಲೆಕ್ಕ? ಬರ್ತಾರ ತಗೋ."

ಪಂಕ್ತಿಗೆ ಪಂಕ್ತಿಯೇ ಅವನತ್ತ ತಿರುಗಿತು. ಒಲ್ಲೆ ಎಂದರೆ ಈಗಷ್ಟೇ ಆಡಿದ ಮಾತು ಸುಳ್ಳಾಗುತ್ತದೆ. ನಿಜ ಒಪ್ಪಿಕೊಂಡರೆ ಬೂಟು ಒಲೆಗೆ ಬೀಳುತ್ತದೆ. ಹೇಗೆ ಆಡಿದರೂ ಫೈನಲ್ ಇಲ್ಲ.

"ಬರ್ತೇನ್ರಿ," ಎಂದ ಫಕ್ಕೀರೇಶ.

ಶೈಲಾ ಉಂಡು, ಕೈ ತೊಳೆದು ಬಂದು, ಮದುವೆಯಾದಾಗಿನಿಂದ ಯಾರೆದುರೂ ಹಿಡಿಯದ ಗಂಡನ ಕೈ ಹಿಡಿದಳು. "ಏಳ್ರಿ, ಹೋಗೂಣು."

"ನೀ ಒಬ್ಬಾಕಿ ಸಾಲೂದಿಲ್ಲ ಶೈಲಾ," ಎಂದ ಫಕ್ಕೀರೇಶ ಮೆಲ್ಲಗೆ. "ನಾಕ ಮಂದಿ ಗಂಡಸರನ್ನ ಕರಿ."