ಬಾಣಂತನದ ಗುನ್ನೆ

ಮಗಳು ಹೊರದೇಶದ ಆಸ್ಪತ್ರೆಯಲ್ಲಿ ನರ್ಸ್ ಆದಾಗಿನಿಂದ ನಮ್ಮ ರಬಕವಿಯ ಮನೆಯಲ್ಲಿ ಇಂಥ ಪ್ರಸಂಗಗಳು ಒಂದರ ಹಿಂದೊಂದು ನಡೆಯುತ್ತಲೇ ಇವೆ. ಹೇಳುವಾಗ ನಗುತ್ತೇನೆ, ಆದರೆ ನಗುವ ಸಂಗತಿಗಳಲ್ಲ.

ಮಗ್ಗದ ಸಾಕ್ಷಿ

ಮಗಳ ಚೊಚ್ಚಲ ಬಾಣಂತನಕ್ಕೆ ನಾನೂ ನಮ್ಮಾಕಿಯೂ ಗಂಡ-ಹೆಂಡತಿ ಇಬ್ಬರೂ ಹೋಗಬೇಕಿತ್ತು. ತಿರುಗಿ ಬರುತ್ತೀರೆಂಬುದಕ್ಕೆ ಸಾಕ್ಷಿ ಏನು ಎಂದು ವೀಸಾ ಕಚೇರಿಯ ಸಾಹೇಬ ಕೇಳಿದ. ಮಗ್ಗದ ಮೇಲಿದ್ದ ಅರ್ಧ ನೇಯ್ದ ಸೀರೆಯ ಫೋಟೋ ಮುಂದಿಟ್ಟೆ.

"ಇದನ್ನ ಅರ್ಧಕ್ಕ ಬಿಟ್ಟು ನೇಕಾರ ಎಲ್ಲಿ ಇರ್ತಾನ್ರಿ?"

"ಅರ್ಧಕ್ಕೆ ಬಿಟ್ಟು ಯಾಕೆ ಹೊರಟಿದ್ದೀರಿ?" ಎಂದು ಅರ್ಜಿ ತಿರಸ್ಕರಿಸಿದ.

ಸೀರೆ ಮುಗಿಸಿ, ಖಾಲಿ ಮಗ್ಗದ ಫೋಟೋ ಹಿಡಿದು ಮತ್ತೆ ಹೋದೆ. ಊರಲ್ಲಿ ಕೆಲಸವೇ ಇಲ್ಲದವನು ತಿರುಗಿ ಬರಲಾರ ಎಂದು ಮತ್ತೆ ತಿರಸ್ಕರಿಸಿದ. ನಮ್ಮಾಕಿಗೆ ಮಾತ್ರ ವೀಸಾ ಸಿಕ್ಕಿತು. ಗಂಡ ಇಲ್ಲೇ ಇರುತ್ತಾನೆ, ಅವಳು ಬಂದೇ ಬರುತ್ತಾಳಂತೆ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಮೇಲೆ ಅಷ್ಟು ಭರವಸೆ ಇಟ್ಟವನು ಆ ಸಾಹೇಬನೊಬ್ಬನೇ.

ಅಂಟಿನ ಉಂಡಿ

ಆ ದೇಶದ ವಿಮಾನ ನಿಲ್ದಾಣದಲ್ಲಿ ನಮ್ಮಾಕಿಯ ಚೀಲ ಬಿಚ್ಚಿಸಿದರು. ಬಾಣಂತಿಗೆಂದು ಮಹಾಲಿಂಗಪುರದ ಬೆಲ್ಲ ಹಾಕಿ ಕಟ್ಟಿದ್ದ ಅಂಟಿನ ಉಂಡಿಗಳನ್ನು ಒಂದೊಂದಾಗಿ ಒಡೆದು ನೋಡಿದರು. ನಾಯಿ ತಂದು ಮೂಸಿಸಿದರು. ನಾಯಿ ಬಾಲ ಆಡಿಸಿತು. ಅಲ್ಲಿ ಅವಳನ್ನು ಕಂಡು ಖುಷಿಪಟ್ಟದ್ದು ಅದೊಂದೇ.

ಸುಮ್ಮನೆ ಕೂಡದವಳು

ಆಮೇಲೆ ದುಭಾಷಿಯನ್ನು ಕೂರಿಸಿಕೊಂಡು, ಯಾಕೆ ಬಂದಿರಿ ಎಂದು ಕೇಳಿದರು. ಮಗಳ ಮನೆಗೆ ಉಂಡು ಮಲಗಲು ಬಂದವಳೆಂದು ತಿಳಿದಾರು ಎಂಬ ಸಂಕೋಚ ಇವಳಿಗೆ.

"ಕೂಸಿಗೆ ನೀರ ಎರೀತೀನ್ರಿ, ಎಣ್ಣಿ ತಿಕ್ಕತೀನಿ, ರೊಟ್ಟಿ ಬಡೀತೀನಿ, ಅರಬಿ ಒಗೀತೀನಿ. ಸುಮ್ನ ಕೂಡೂ ಪೈಕಿ ಅಲ್ರಿ ನಾ."

ಎಲ್ಲವನ್ನೂ ಬರೆದುಕೊಂಡರು. ಇದೆಲ್ಲ ಕೆಲಸ, ಪ್ರವಾಸಿ ವೀಸಾದ ಮೇಲೆ ಕೆಲಸ ಮಾಡುವುದು ಗುನ್ನೆ ಎಂದರು. ತುಂಬಿದ ಬಸುರಿ ಮಗಳು ಹೊರಗೆ ಕಾಯುತ್ತಿದ್ದಳು. ಅವಳ ಮುಖವನ್ನೂ ತೋರಿಸದೆ ನಮ್ಮಾಕಿಯನ್ನು ಮುಂದಿನ ವಿಮಾನಕ್ಕೆ ಹತ್ತಿಸಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ತಾಯಿ ಹತ್ತಿರವಿಲ್ಲದೆ ಹಡೆದ ಮಗಳು ಮೂರನೇ ತಿಂಗಳಿಗೆ ನೌಕರಿ ಬಿಟ್ಟು, ಗಂಡನನ್ನೂ ಕೂಸನ್ನೂ ಕರೆದುಕೊಂಡು ರಬಕವಿಗೆ ಬಂದಳು. ಒಂದು ಮುಂಜಾನೆ ಅದೇ ಆಸ್ಪತ್ರೆಯಿಂದ ಫೋನ್ ಬಂತು. ಹೊರಗಿನ ನರ್ಸ್‌ಗಳು ಯಾರೂ ಬರುತ್ತಿಲ್ಲ, ನೀವಾದರೂ ಯಾವಾಗ ಬರುತ್ತೀರಿ ಎಂದು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದ ನಮ್ಮಾಕಿ ತಲೆ ಎತ್ತದೆ ಹೇಳಿದಳು:

"ಕೂಸಿಗೆ ಎರಿಯೂದು ಅಲ್ಲಿ ಇನ್ನೂ ಗುನ್ನೆ ಐತೇನು, ಕೇಳವ್ವ."

ಮಗಳು ಕೇಳಿದಳು. ನಿಯಮ ನೋಡಿ ತಿಳಿಸುತ್ತೇವೆ ಎಂದರು.

ಇನ್ನೂ ನೋಡುತ್ತಿದ್ದಾರೆ. ಮೊಮ್ಮಗಳು ಈಗ ತಂಬಿಗೆ ಹಿಡಿದು ತನ್ನ ಮೈಗೆ ತಾನೇ ನೀರು ಹಾಕಿಕೊಳ್ಳುತ್ತಾಳೆ.