ಹೂವಿನಂಥ ಕಾರು

ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮಾವನ ಕಾರು ನಿಂತಲ್ಲೇ ನಡುಗಲು ಶುರುಮಾಡಿತು.

ಅಳಿಯ ಕೀ ತಿರುಗಿಸಿ ಇನ್ನೂ ಅರ್ಧ ನಿಮಿಷವಾಗಿರಲಿಲ್ಲ. ಸ್ಟೇರಿಂಗು ಚಳಿಜ್ವರ ಬಂದವರ ಕೈಯಂತೆ ಅದುರಿತು, ಬಾಗಿಲ ಗಾಜು ಗಲಗಲ ಎಂದಿತು, ಅವನ ಕನ್ನಡಕ ಮೂಗಿನ ತುದಿಗೆ ಜಾರಿತು.

ಗ್ರಂಥಾಲಯದಲ್ಲಿ ಗುಮಾಸ್ತನಾಗಿದ್ದ ಆತ ಮದುವೆಯಾದ ಹನ್ನೊಂದು ವರ್ಷದಲ್ಲಿ ಆ ಕಾರಿನೊಳಗೆ ಕೂತದ್ದು ಇದೇ ಮೊದಲು. ಮಾವ ಕೆಳಮನೆಯಲ್ಲಿ, ಮಗಳು ಅಳಿಯ ಮಹಡಿಯಲ್ಲಿ. ಎಲ್ಲರೂ ಎಲ್ಲಿಗಾದರೂ ಹೊರಟರೆ ಮಗಳು ಕಾರಿನಲ್ಲಿ ಮುಂದೆ, ಅಳಿಯ ಸ್ಕೂಟರಿನಲ್ಲಿ ಹಿಂದೆ. "ಹಿಂದಿನ ಸೀಟಿಗೆ ಭಾರ ಬಿದ್ರೆ ಗಾಡಿಗೆ ಆಯಾಸ" ಎನ್ನುವುದು ಮಾವನ ಸಿದ್ಧಾಂತ. ಅವರು ಕಾರು ಚಾಲೂ ಮಾಡುವ ರೀತಿಯೂ ಬೇರೆಯೇ. ಕೀ ತಿರುಗಿಸಿ, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿ, ತಲೆಯಾಡಿಸಿ, ಆಮೇಲೆ ಇಡೀ ಬೀದಿಗೆ ಕೇಳುವಂತೆ "ಹೂವು, ಹೂವು!" ಎನ್ನುವರು. ಅದು ಕಾರಿನ ಮೇಲಿನ ಭಕ್ತಿ ಎಂದು ಅಳಿಯ ತಿಳಿದಿದ್ದ.

ಹಿಂದಿನ ದಿನ ಪರ ಊರಿಗೆ ಹೊರಟಾಗ ಮಾವ ಕೀ ಕೊಟ್ಟು ಹೇಳಿದ್ದರು: "ಅಳಿಯಂದ್ರೇ, ನಾಳೆ ಸಂಜೆ ಐದಕ್ಕೆ ಬರ್ತೀನಿ. ಬೆಳಗ್ಗೆ ಐದು ನಿಮಿಷ ಎಂಜಿನ್ ಓಡಿಸಿಡಿ, ಬ್ಯಾಟರಿ ಇಳಿಯುತ್ತೆ. ನಾನು ಬಂದಾಗ ಗಾಡಿ ಹೂವಿನ ಹಾಗಿದ್ರೆ, ಭಾನುವಾರ ನಿಮ್ಮಮ್ಮನ್ನ ಅದರಲ್ಲೇ ಕರ್ಕೊಂಡು ಹೋಗಿ."

ಅಮ್ಮನ ಮಂಡಿ ಸವೆದಿತ್ತು. ಬಸ್ಸಿನ ಮೆಟ್ಟಿಲು ಹತ್ತಲಾರಳು, ಸ್ಕೂಟರಿನಲ್ಲಿ ಕೂರಲಾರಳು. ಇಪ್ಪತ್ತು ಮೈಲಿ ಆಚೆಗಿದ್ದ ತನ್ನ ತಂಗಿಯ ಮುಖ ನೋಡಿ ಎರಡು ವರ್ಷವಾಗಿತ್ತು.

"ನಾನು ಕೆಡಿಸಿಬಿಟ್ಟೆ ಕಣೇ!" ಎಂದು ಅಳಿಯ ಕೂಗಿದ.

ಹೆಂಡತಿ ಮಹಡಿಯಿಂದ ಇಣುಕಿದಳು. "ರೀ, ಅದು ಯಾವಾಗ್ಲೂ..."

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ತಲೆ ಕಾಂಪೌಂಡಿನ ಮೇಲೆ ಎದ್ದಿತು. ಒಂದು ಕಣ್ಣು ಮುಚ್ಚಿ ಜಗತ್ತನ್ನು ಅಳೆಯುವುದು ಅವರಿಗೆ ಮೊದಲು ವೃತ್ತಿಯಾಗಿತ್ತು, ಈಗ ಚಟ.

"ಚಕ್ರ!" ಎಂದರು ಮೇಷ್ಟ್ರು. "ನೋಡಿ, ಹೇಗೆ ಒಳಗೆ ಸೇರ್ಕೊಂಡಿವೆ. ಕಾಲು ಜೋಡಿಸಿ ನಿಂತೋನು ಅಲ್ಲಾಡದೆ ಇರ್ತಾನೇನ್ರೀ? ಅಗಲಿಸಿ ನಿಲ್ಲಬೇಕು."

ಮಾತು ಎಷ್ಟು ಸರಳವಾಗಿತ್ತೆಂದರೆ ಅಳಿಯನಿಗೆ ಅದು ನಿಜವೆನಿಸಿತು. ಮೇಷ್ಟ್ರ ಶೆಡ್ಡಿನಲ್ಲಿ ಅವರ ಮಗ ಬಿಟ್ಟುಹೋದ ನಾಲ್ಕು ಮಿರುಗುವ ಚಕ್ರಗಳಿದ್ದವು. "ಅದೇ ಅಳತೆ, ಅದೇ ನಾಲ್ಕು ತೂತು. ಯೋಚನೆ ಯಾಕೆ?" ಹನ್ನೆರಡೂವರೆಗೆ ಅವೆಲ್ಲ ಕಾರಿಗೇರಿದವು, ಹಳೆಯವು ಹಿಂದಿನ ಸೀಟಿಗೆ ಬಿದ್ದವು. ಹೊಸ ಚಕ್ರಗಳು ಎರಡೂ ಕಡೆ ಒಂದೊಂದು ಇಂಚು ಹೊರಚಾಚಿದ್ದವು. ಜಗಳಕ್ಕೆ ತೋಳೇರಿಸಿ ನಿಂತವನಂತೆ ಕಾಣುತ್ತಿದ್ದ ಕಾರು ಕೀ ತಿರುಗಿಸಿದೊಡನೆ ಮೊದಲಿನಂತೆಯೇ ನಡುಗಿತು.

"ಓಡಿಸಿದ್ರೆ ಕೂತ್ಕೊಳ್ಳುತ್ತೆ" ಎನ್ನುತ್ತ ಮೇಷ್ಟ್ರು ತಾವೂ ಹತ್ತಿದರು.

ಬೀದಿಯ ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ಬರ್ರ್ ಎಂದಿತು. ಅಲ್ಲಿನ ಅಂಗಡಿಯಿಂದ ಟೈಲರಮ್ಮ ಕತ್ತರಿ ಹಿಡಿದೇ ಹೊರಬಂದಳು.

"ಅಣ್ಣಾ, ನನ್ನ ಮೆಷಿನ್ನೂ ಹೀಗೇ ಕುಣೀತಿತ್ತು. ಕಾಲಿಗೆ ಕಲ್ಲು ಕಟ್ಟಿದೆ, ತೆಪ್ಪಗಾಯ್ತು. ಡಿಕ್ಕಿಗೆ ಭಾರ ಹಾಕಿ."

ಅಳಿಯನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. "ರೀ, ಅಪ್ಪನ ಕಾರು..." ಎಂದಳು ಹೆಂಡತಿ.

"ಗೊತ್ತು ಮಾರಾಯ್ತಿ, ಅಪ್ಪನ ಕಾರೇ! ಆಮೇಲೆ ಮಾತಾಡು" ಎಂದು ಫೋನಿಟ್ಟ.

ಎದುರಿಗೆ ಮನೆ ಕಟ್ಟುತ್ತಿದ್ದವರ ಹತ್ತಿರ ಬೇಡಿ ನಾಲ್ಕು ಮೂಟೆ ಮರಳು ತುಂಬಿದ್ದಾಯಿತು. ಕಾರಿನ ಹಿಂಭಾಗ ಕುಸಿದು ಟೈರಿನ ಮೇಲೇ ಕೂತಿತು. ಈಗ ನಿಂತರೆ ನಡುಕ, ತಿರುಗಿದರೆ ಉಜ್ಜು, ನೆಟ್ಟಗೆ ಹೋದರೂ ಗುಂಡಿಗೊಂದು ಬರ್ರ್. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಂತಾಯಿತು. ಸುಟ್ಟ ರಬ್ಬರಿನ ವಾಸನೆಯ ಜೊತೆ ಕಾರು ಮೆಕ್ಯಾನಿಕ್ಕನ ಗ್ಯಾರೇಜು ತಲುಪಿದಾಗ ಗಂಟೆ ಎರಡೂ ಮುಕ್ಕಾಲು.

ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ ಕೇಳಿದ, "ಯಾವಾಗ ನಡುಗುತ್ತೆ?"

"ನಿಂತಾಗ."

"ನಿಂತ ಗಾಡೀಲಿ ಚಕ್ರ ತಿರುಗುತ್ತಾ?"

ಮೇಷ್ಟ್ರು ಒಂದು ಕಣ್ಣು ಮುಚ್ಚಿ ಗ್ಯಾರೇಜಿನ ಮಾಡನ್ನು ಅಳೆಯತೊಡಗಿದರು.

ಮೆಕ್ಯಾನಿಕ್ಕು ಮೇಷ್ಟ್ರ ಚಕ್ರವೊಂದನ್ನು ಬಿಚ್ಚಿ, ಹಳೆಯದರ ಪಕ್ಕ ಮಲಗಿಸಿ, ಒಳಮೈಯಲ್ಲಿ ಕೊರೆದಿದ್ದ ಅಂಕಿಗಳನ್ನು ತೋರಿಸಿದ. "ಹಳೇದು ನಲವತ್ತೈದು, ಇದು ಇಪ್ಪತ್ತು. ಆಫ್‌ಸೆಟ್ ಅಂತಾರೆ. ಬೋಲ್ಟ್ ಕೂರೋ ಜಾಗ ಚಕ್ರದ ನಟ್ಟನಡುವಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನೋ ಲೆಕ್ಕ. ಅಂಕಿ ಇಳಿದಷ್ಟೂ ಚಕ್ರ ಹೊರಕ್ಕೆ ಬರುತ್ತೆ. ತೂತು ಹೊಂದಿದ ಮಾತ್ರಕ್ಕೆ ಚಕ್ರ ಹೊಂದಲ್ಲ ಸ್ವಾಮಿ."

ಹಳೆಯ ಚಕ್ರಗಳು ಮರಳಿದವು, ಮರಳು ಇಳಿಯಿತು. ಆಮೇಲೆ ಬಾನೆಟ್ ಎತ್ತಿ, ಎಲ್ಲರನ್ನೂ ಕಾರಿನ ಮುಂದಿನಿಂದ ಸರಿಸಿ ಮೆಕ್ಯಾನಿಕ್ಕು ಹೇಳಿದ, "ಹ್ಯಾಂಡ್‌ಬ್ರೇಕ್ ಎಳೀರಿ, ಬ್ರೇಕ್ ಗಟ್ಟಿಯಾಗಿ ತುಳೀರಿ. ಮೊದಲನೇ ಗೇರ್. ಕ್ಲಚ್ ಚೂರೇ ಚೂರು ಬಿಡಿ."

ಇಡೀ ಎಂಜಿನ್ನು ನಿದ್ದೆಯಿಂದ ಬೆಚ್ಚಿದವನಂತೆ ದಡಕ್ಕನೆ ಎದ್ದು ಧಪ್ಪನೆ ಬಿತ್ತು.

"ನೋಡಿದ್ರಾ? ಎಂಜಿನ್ ಮೌಂಟು. ಎಂಜಿನ್ನಿನ ಅದುರು ಗಾಡಿಯ ಮೈಗೆ ತಾಗದ ಹಾಗೆ ಹಿಡ್ಕೊಳ್ಳೋ ರಬ್ಬರು. ನಮಗೆ ಮಂಡಿ ಇದ್ದ ಹಾಗೆ. ಸವೆದು ಹರಿದೇ ಹೋಗಿದೆ. ಇವತ್ತಿಂದಲ್ಲ, ಮೂರ್ನಾಲ್ಕು ವರ್ಷದ್ದು."

ತಾನು ಕೆಡಿಸಿದ್ದಲ್ಲ! ಅಳಿಯ ಕೂಡಲೇ ಹೊಸದು ಹಾಕಲು ಹೇಳಿದ. ನಾಲ್ಕೂವರೆಗೆ ಹೊಸ ರಬ್ಬರು ಕೂತಿತು. ಎಂಜಿನ್ ಓಡುತ್ತಿರುವಾಗಲೇ ಮೆಕ್ಯಾನಿಕ್ಕು ಡ್ಯಾಶ್‌ಬೋರ್ಡಿನ ಮೇಲೆ ನೀರು ತುಂಬಿದ ಲೋಟ ಇಟ್ಟ. ನೀರು ಕದಲಲಿಲ್ಲ. ಅಳಿಯ ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿ ಭಾನುವಾರಕ್ಕೆ ತಯಾರಾಗಿರಲು ಹೇಳಿದ.

ಐದಕ್ಕೆ ಸರಿಯಾಗಿ ಮಾವ ಬಂದರು. ಚೀಲ ಇಳಿಸುವ ಮೊದಲೇ ಕಾರಿನ ಶೆಡ್ಡಿಗೆ ನಡೆದು, ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ಎಂಜಿನ್ನು ತಣ್ಣಗೆ ಶುರುವಾಯಿತು. ಅಂಗೈ ಡ್ಯಾಶ್‌ಬೋರ್ಡಿನ ಮೇಲೆ ಕೂತಿತು, ಕಣ್ಣು ಮುಚ್ಚಿದವು. ತಲೆ ಮಾತ್ರ ಆಡಲಿಲ್ಲ.

ಮಾವ ಇನ್ನೊಮ್ಮೆ ಕೀ ತಿರುಗಿಸಿದರು. ಓಡುತ್ತಿದ್ದ ಎಂಜಿನ್ನಿಗೆ ಸ್ಟಾರ್ಟರ್ ಕಚ್ಚಿ 'ಕರ್ರ್ರ್' ಎಂದಿತು. ಮಾಡಿನ ಮೇಲಿದ್ದ ಕಾಗೆಗಳು ಹಾರಿದವು. ಮತ್ತೆ ಅಂಗೈ. ಮತ್ತೆ 'ಕರ್ರ್ರ್'.

"ಸತ್ತೋಗಿದೆ! ಹೂವಿನಂಥ ಗಾಡಿ, ಒಂದೇ ದಿನಕ್ಕೆ ಸಾಯಿಸಿದ್ರಲ್ಲ!"

"ಮಾವ, ಎಂಜಿನ್ ಓಡ್ತಾ ಇದೆ!"

"ಏನು?"

"ಓಡ್ತಾ ಇದೆ ಮಾವ!"

"ಹನ್ನೊಂದು ವರ್ಷ ಆಯ್ತು, ಇನ್ನೂ ಬಾಯಿಬಿಟ್ಟು ಮಾತಾಡೋದು ಕಲೀಲಿಲ್ಲ ನೀವು!" ಎಂದು ಮಾವ ಮೂರನೇ ಸಲ ಕೀ ತಿರುಗಿಸಿದರು.

ಹೆಂಡತಿ ಕೆಳಗಿಳಿದು ಬಂದಳು. "ಅದು ಯಾವಾಗ್ಲೂ ನಡುಗ್ತಾ ಇತ್ತು ರೀ. ಅಪ್ಪಂಗೆ ಕಿವಿ ಮಂದ, ಒಪ್ಪಲ್ಲ ಅಷ್ಟೆ. ಕೈಗೆ ನಡುಕ ತಾಗಿದ್ರೇನೇ ಎಂಜಿನ್ ಶುರುವಾಯ್ತು ಅಂತ ಅವರ ಲೆಕ್ಕ."

"ಇದನ್ನ ಬೆಳಗ್ಗೇನೇ ಹೇಳಬಾರದಾಗಿತ್ತಾ?"

"ಹೇಳೋಕೆ ಬಿಟ್ರಾ ನೀವು?"

ಮರುದಿನ ಹನ್ನೊಂದು ಗಂಟೆಗೆ ಮೆಕ್ಯಾನಿಕ್ಕು ತಲೆ ಚಚ್ಚಿಕೊಳ್ಳುತ್ತ ಹರಿದ ರಬ್ಬರನ್ನೇ ಮತ್ತೆ ಕೂರಿಸಿದ. ಮಾವ ಅಂಗೈಯಿಟ್ಟು, ತಲೆಯಾಡಿಸಿ, "ಹೂವು, ಹೂವು!" ಎಂದರು. ಕೀ ಅವರ ಜೇಬಿಗೆ ಮರಳಿತು.

ಭಾನುವಾರ ಅಮ್ಮ ತಂಗಿಯ ಮನೆಗೆ ಕಾರಿನಲ್ಲೇ ಹೋದಳು, ಮುಂದಿನ ಸೀಟಿನಲ್ಲಿ ಕೂತು. ಓಡಿಸಿದವರು ಮಾವ. ಅಳಿಯ ಸ್ಕೂಟರಿನಲ್ಲಿ ಹಿಂದೆ ಹೋದ.